ಗ್ಲೋರಿಯಾ ಮಾತಾಡಿದ್ರೆ ನಾವ್ಯಾಕೆ ನಗ್ತೀವಿ?

(ಅಮೆರಿಕದ ಸಿನಿಮಾ ಮತ್ತು ಟಿವಿಯಲ್ಲಿ ಹಿಸ್ಪ್ಯಾನಿಕ್ ಮಹಿಳೆಯರು: ಒಂದು ಪುಟ್ಟ ಪಾಠ)

ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು. ಹಾಗಾಗಿ ಒತ್ತಕ್ಷರ, ದೀರ್ಘ ಎಲ್ಲಾದ್ರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಈಗ ವಿಷಯಕ್ಕೆ ಬರೋಣ.

ಎರಡನೇ ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಲ್ಲಿ ಐದಾರು ಜನ ಸೇರಿ ಲ್ಯಾಪ್‌ಟಾಪ್‌ನಲ್ಲಿ 'ಮಾಡರ್ನ್ ಫ್ಯಾಮಿಲಿ' ನೋಡ್ತಾ ಇದ್ವಿ. ಅದರಲ್ಲಿ ಗ್ಲೋರಿಯಾ ಅಂತ ಒಂದು ಪಾತ್ರ ಇದೆ. ಕೊಲಂಬಿಯಾದಿಂದ ಅಮೆರಿಕಕ್ಕೆ ಬಂದವಳು. ಜೋರು ದನಿ, ಮೂಗಿನ ತುದಿಯಲ್ಲೇ ಕೋಪ. ಒಂದು ಎಪಿಸೋಡಲ್ಲಿ ಗಂಡನಿಗೆ 'ಬೇಬಿ ಚೀಸಸ್' ಅಂದ್ರೆ ಚಿಕ್ಕ ಚಿಕ್ಕ ಚೀಸ್ ತುಂಡು ಬೇಕಾಗಿರುತ್ತೆ. ಇವಳು ಆರ್ಡರ್ ಮಾಡ್ತಾಳೆ. ಮನೆಗೆ ಬರೋದು ಒಂದು ಡಬ್ಬದ ತುಂಬ ಬೇಬಿ ಜೀಸಸ್ ಗೊಂಬೆಗಳು! ನಾವೆಲ್ಲ ಬಿದ್ದು ಬಿದ್ದು ನಕ್ವಿ.

ಬಾಗಲಕೋಟೆಯ ನಮ್ಮ ಗೆಳತಿ ಒಬ್ಬಳು ಮಾತ್ರ ನಗಲಿಲ್ಲ. "ಮೊನ್ನೆ ನನ್ನ ಸೆಮಿನಾರ್‌ನ್ಯಾಗೂ ಹಿಂಗ ನಕ್ಕಿದ್ರಲ್ಲ, ಅದಕ್ಕೂ ಇದಕ್ಕೂ ಏನ್ ಫರಕ್ ಐತಿ?" ಅಂದಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಹೋದ ವಾರ ಆಪ್-ಆ್ಯಂಪ್ ಬಗ್ಗೆ ಸೆಮಿನಾರ್ ಕೊಟ್ಟಾಗ ಅವಳ ಇಂಗ್ಲಿಷ್ ಉಚ್ಚಾರಣೆಗೆ ಹಿಂದಿನ ಬೆಂಚಿನವರು ನಕ್ಕಿದ್ರು. ಹಿಂದಿನ ಬೆಂಚಲ್ಲಿ ಕೂತಿದ್ದವರು ನಾವೇ.

ಅವತ್ತು ಲ್ಯಾಪ್‌ಟಾಪ್ ಮುಚ್ಚಿದ್ವಿ. ಆದ್ರೆ ಪ್ರಶ್ನೆ ಹೋಗಲಿಲ್ಲ. ಸಂಘದ ಮುಂದಿನ ಸಭೆಯಲ್ಲಿ ಒಂದು ಆಟ ಆಡಿದ್ವಿ. 'ಮೆಕ್ಸಿಕೋ ಅಥವಾ ಕೊಲಂಬಿಯಾದ ಹೆಂಗಸು' ಅಂದ ತಕ್ಷಣ ಏನು ನೆನಪಾಗುತ್ತೆ, ಮೂರು ಪದ ಬರೀರಿ ಅಂತ. ಬಹುತೇಕ ಚೀಟಿಗಳಲ್ಲಿ ಬಂದಿದ್ದು ಕೋಪ, ಡ್ಯಾನ್ಸ್, ಮೈಮಾಟ, ಆಕ್ಸೆಂಟ್. ನಮ್ಮಲ್ಲಿ ಒಬ್ಬರೂ ಆ ದೇಶಗಳ ಹೆಂಗಸನ್ನ ಎದುರಿಗೆ ನೋಡಿದವರಲ್ಲ. ಹಾಗಾದ್ರೆ ಈ ಡೇಟಾ ಎಲ್ಲಿಂದ ಬಂತು? ಎಲ್ಲಾ ಸ್ಕ್ರೀನಿಂದ. ಸ್ಯಾಂಪಲ್ಲೇ ಓರೆ ಆಗಿದ್ರೆ ಉತ್ತರ ನೇರ ಬರಲ್ಲ ಅಂತ ನಮಗೆ ಪ್ರಾಬಬಿಲಿಟಿ ಪೇಪರ್ ಕಲಿಸಿದೆ. ಅದಕ್ಕೇ ಈ ಸ್ಯಾಂಪಲ್ ಹೇಗೆ ತಯಾರಾಯ್ತು ಅಂತ ಓದಿದ್ವಿ, ಸುಮಾರು ಸಿನಿಮಾ ನೋಡಿದ್ವಿ. ಕಲಿತದ್ದನ್ನ ನಿಮ್ಮ ಮುಂದೆ ಇಡ್ತಾ ಇದ್ದೀವಿ.

ಮೊದಲು ಪದ: ಹಿಸ್ಪ್ಯಾನಿಕ್ ಅಂದ್ರೆ ಯಾರು?

ಸ್ಪ್ಯಾನಿಷ್ ಭಾಷೆಯ ನಂಟಿರುವವರು ಹಿಸ್ಪ್ಯಾನಿಕ್. ಲ್ಯಾಟಿನ್ ಅಮೆರಿಕದ ಮೂಲದವರು ಲ್ಯಾಟಿನೋ, ಹೆಂಗಸಾದರೆ ಲ್ಯಾಟಿನಾ. ಎರಡೂ ಒಂದೇ ಅಲ್ಲ. ಸ್ಪೇನ್‌ನ ನಟಿ ಪೆನೆಲೊಪೆ ಕ್ರೂಸ್ ಹಿಸ್ಪ್ಯಾನಿಕ್, ಆದ್ರೆ ಲ್ಯಾಟಿನ್ ಅಮೆರಿಕದವರಲ್ಲ. ತಲೆ ಮೇಲೆ ಹಣ್ಣಿನ ರಾಶಿ ಹೊತ್ತು ಕುಣಿದ 1940ರ ದಶಕದ ಕಾರ್ಮೆನ್ ಮಿರಾಂಡಾ ಬ್ರೆಜಿಲ್‌ನವರು. ಅವರ ಭಾಷೆ ಪೋರ್ಚುಗೀಸ್, ಹಾಗಾಗಿ ಅವರು ಹಿಸ್ಪ್ಯಾನಿಕ್ ಅಲ್ಲ. ಹಾಲಿವುಡ್ ಮಾತ್ರ ಈ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೊಳ್ಳಲಿಲ್ಲ. ಮೆಕ್ಸಿಕೋ, ಕ್ಯೂಬಾ, ಪೋರ್ಟೊ ರಿಕೊ, ಬ್ರೆಜಿಲ್ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿಬಿಟ್ಟಿತು. ದಕ್ಷಿಣ ಭಾರತದವರೆಲ್ಲ 'ಮದ್ರಾಸಿ' ಅಂತ ಕರೆಸಿಕೊಂಡ ನಮಗೆ ಇದು ಅರ್ಥವಾಗಬೇಕು.

2020ರ ಜನಗಣತಿ ಪ್ರಕಾರ ಅಮೆರಿಕದಲ್ಲಿ ಹಿಸ್ಪ್ಯಾನಿಕ್ ಅಥವಾ ಲ್ಯಾಟಿನೋ ಜನ ಸುಮಾರು 6.2 ಕೋಟಿ, ಅಂದ್ರೆ ಹೆಚ್ಚುಕಡಿಮೆ 19%. (2011ರ ಜನಗಣತಿಯಲ್ಲಿ ಇಡೀ ಕರ್ನಾಟಕ 6.11 ಕೋಟಿ.) ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2007ರಿಂದ 2018ರವರೆಗಿನ 1200 ಜನಪ್ರಿಯ ಸಿನಿಮಾಗಳನ್ನ ಎಣಿಸಿದಾಗ, ಮಾತಿರುವ ಪಾತ್ರಗಳಲ್ಲಿ ಲ್ಯಾಟಿನೋಗಳು 4.5% ಮಾತ್ರ ಇದ್ರು. ಮುಖ್ಯ ಪಾತ್ರದಲ್ಲಿದ್ದವರು 3%. ಗಂಡಸರು, ಹೆಂಗಸರು ಇಬ್ಬರೂ ಸೇರಿ ಇಷ್ಟು. ಒಂದು ಇಡೀ ಕರ್ನಾಟಕದಷ್ಟು ಜನ ಇಷ್ಟು ಸಣ್ಣ ಕಿಟಕಿಯಲ್ಲಿ ಕಾಣಬೇಕು ಅಂದ್ರೆ, ಕಂಡ ಒಂದೊಂದು ಪಾತ್ರವೂ ಎಲ್ಲರ ಪರವಾಗಿ ನಿಂತುಬಿಡುತ್ತೆ. ಬಿಳಿ ಹುಡುಗಿಯ ಒಂದು ಪಾತ್ರ ಪೆದ್ದಾದ್ರೆ ಅದೇ ವಾರ ಇನ್ನು ಹತ್ತು ಪಾತ್ರ ಬೇರೆ ಥರ ಇರ್ತವೆ. ಇವರಿಗೆ ಆ ಸೌಲಭ್ಯ ಇಲ್ಲ.

ಮೂರು ಅಚ್ಚುಗಳು

ಚಾರ್ಲ್ಸ್ ರಾಮಿರೆಸ್ ಬರ್ಗ್ ಅನ್ನುವ ಸಿನಿಮಾ ಅಧ್ಯಾಪಕರು ಹಾಲಿವುಡ್‌ನ ಲ್ಯಾಟಿನೋ ಪಾತ್ರಗಳನ್ನ ಆರು ಅಚ್ಚುಗಳಾಗಿ ವಿಂಗಡಿಸಿದ್ದಾರೆ. ಅದರಲ್ಲಿ ಮೂರು ಹೆಂಗಸರದ್ದು.

ಮೊದಲನೆಯದು ನಡತೆಗೆಟ್ಟವಳು. 1946ರ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್' ಅನ್ನುವ ವೆಸ್ಟರ್ನ್ ಸಿನಿಮಾದಲ್ಲಿ ಚಿಹುವಾಹುವಾ ಅಂತ ಒಬ್ಬಳು ಬರ್ತಾಳೆ. ಸಲೂನಲ್ಲಿ ಹಾಡ್ತಾಳೆ, ಅಸೂಯೆ ಪಡ್ತಾಳೆ, ಕೊನೆಗೆ ಸಾಯ್ತಾಳೆ. ಅವಳಿಗೆ ಎದುರಾಗಿ ಶಾಂತ, ಸುಸಂಸ್ಕೃತ ಬಿಳಿ ಹುಡುಗಿ ಕ್ಲೆಮೆಂಟೈನ್. ಮೆಕ್ಸಿಕೋದ ಒಂದು ರಾಜ್ಯದ ಹೆಸರನ್ನೇ ಆ ಪಾತ್ರಕ್ಕೆ ಇಟ್ಟಿದ್ದಾರೆ ಅನ್ನೋದನ್ನ ಗಮನಿಸಿ.

ಎರಡನೆಯದು ನಗಿಸುವವಳು. ಮೆಕ್ಸಿಕೋದ ನಟಿ ಲೂಪೆ ವೆಲೆಸ್ 1939ರಿಂದ 1943ರವರೆಗೆ 'ಮೆಕ್ಸಿಕನ್ ಸ್ಪಿಟ್‌ಫೈರ್' ಸರಣಿಯ ಎಂಟು ಸಿನಿಮಾಗಳಲ್ಲಿ ನಟಿಸಿದರು. ಸ್ಪಿಟ್‌ಫೈರ್ ಅಂದ್ರೆ ಬಾಯಿ ತೆರೆದ್ರೆ ಬೆಂಕಿ ಉಗುಳುವವಳು. ಅಮೆರಿಕನ್ ಗಂಡ, ಇವಳ ಸಿಟ್ಟು, ತಪ್ಪು ತಪ್ಪು ಇಂಗ್ಲಿಷ್, ಅದರಿಂದ ಗಲಾಟೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? 'ಮಾಡರ್ನ್ ಫ್ಯಾಮಿಲಿ' ಶುರುವಾದದ್ದು 2009ರಲ್ಲಿ. ನಡುವೆ 70 ವರ್ಷ!

ಮೂರನೆಯದು ನಿಗೂಢ ಸುಂದರಿ. ದೂರದಿಂದ ನೋಡಿ ಬೆರಗಾಗಬೇಕು, ಅವಳ ಮನಸ್ಸಲ್ಲಿ ಏನಿದೆ ಅಂತ ಸಿನಿಮಾ ಕೇಳಲ್ಲ. ಮೆಕ್ಸಿಕೋದ ಡೊಲೊರೆಸ್ ದೆಲ್ ರಿಯೊ ಅವರಿಗೆ ಹಾಲಿವುಡ್ ಹೆಚ್ಚಾಗಿ ಕೊಟ್ಟದ್ದು ಇಂಥ ಪಾತ್ರಗಳನ್ನೇ. ಒಂದರಲ್ಲಿ ಬ್ರೆಜಿಲ್‌ನವಳು, ಇನ್ನೊಂದರಲ್ಲಿ ಪೆಸಿಫಿಕ್ ದ್ವೀಪದವಳು, ಮತ್ತೊಂದರಲ್ಲಿ ರಷ್ಯಾದ ಹಳ್ಳಿಯವಳು. 'ಪರದೇಶಿ' ಆಗಿದ್ರೆ ಸಾಕು, ಯಾವ ದೇಶ ಅನ್ನೋದು ಮುಖ್ಯ ಅಲ್ಲ. ಬೇಸತ್ತ ಅವರು 1940ರ ದಶಕದ ಆರಂಭದಲ್ಲಿ ಮೆಕ್ಸಿಕೋಗೆ ವಾಪಸ್ ಹೋದರು. ಅಲ್ಲಿ ಎಮಿಲಿಯೊ ಫೆರ್ನಾಂದೆಸ್ ನಿರ್ದೇಶನದ 'ಮರಿಯಾ ಕಾಂಡೆಲಾರಿಯಾ'ದಲ್ಲಿ ಊರವರ ತಿರಸ್ಕಾರಕ್ಕೆ ಗುರಿಯಾದ ಮೂಲನಿವಾಸಿ ಹೆಣ್ಣಾಗಿ ನಟಿಸಿದರು. 1946ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರಗಳಲ್ಲಿ ಅದೂ ಒಂದು.

ಇಬ್ಬರ ಕೂದಲು

ಅಚ್ಚು ಎಷ್ಟು ಗಟ್ಟಿ ಅಂತ ತಿಳಿಯೋಕೆ ಇಬ್ಬರು ನಟಿಯರ ಕೂದಲು ನೋಡಿದ್ರೆ ಸಾಕು.

1918ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾರ್ಗರಿಟಾ ಕಾರ್ಮೆನ್ ಕಾನ್ಸಿನೊ ಅನ್ನುವ ಹುಡುಗಿ ಹುಟ್ಟಿದಳು. ಅಪ್ಪ ಸ್ಪೇನ್‌ನಿಂದ ಬಂದ ಡ್ಯಾನ್ಸರ್. ಸಿನಿಮಾಕ್ಕೆ ಬಂದಾಗ ಕಪ್ಪು ಕೂದಲಿನ ಇವಳಿಗೆ ಸಿಕ್ಕಿದ್ದು ಚಿಕ್ಕಪುಟ್ಟ ಡ್ಯಾನ್ಸರ್ ಪಾತ್ರಗಳು. ಆಮೇಲೆ ಕೂದಲಿಗೆ ಕೆಂಪು ಬಣ್ಣ ಬಳಿದರು. ಹಣೆ ಅಗಲವಾಗಿ ಕಾಣಲಿ ಅಂತ ಕರೆಂಟ್ ಕೊಟ್ಟು ಮುಂಗೂದಲಿನ ಬೇರು ಸುಟ್ಟರು. ಎಲೆಕ್ಟ್ರಾಲಿಸಿಸ್ ಅಂತಾರೆ ಅದಕ್ಕೆ, ತಿಂಗಳುಗಟ್ಟಲೆ ನಡೆಯುವ ನೋವಿನ ಕೆಲಸ. ಅಪ್ಪನ ಹೆಸರು ತೆಗೆದು ಅಮ್ಮನ ತವರಿನ ಹೆಸರು ಸೇರಿಸಿದರು. ರೀಟಾ ಹೇವರ್ತ್ ಹುಟ್ಟಿದ್ದು ಹೀಗೆ. 1946ರ 'ಗಿಲ್ಡಾ' ಹೊತ್ತಿಗೆ ಅವರು ಹಾಲಿವುಡ್‌ನ ದೊಡ್ಡ ತಾರೆಗಳಲ್ಲಿ ಒಬ್ಬರು.

ಈಗ ಗ್ಲೋರಿಯಾ ಪಾತ್ರ ಮಾಡಿದ ಸೋಫಿಯಾ ವರ್ಗಾರಾ. ಕೊಲಂಬಿಯಾದ ಬರಾಂಕಿಯಾ ನಗರದವರು. ಅವರ ಸಹಜ ಕೂದಲು ಹೊಂಬಣ್ಣದ್ದು. ಆ ಕೂದಲಿಟ್ಟುಕೊಂಡು ಆಡಿಷನ್‌ಗೆ ಹೋದ್ರೆ, ಈ ಆಕ್ಸೆಂಟಿಗೆ ಈ ಕೂದಲು ಹೊಂದಲ್ಲ ಅಂತ ಪಾತ್ರ ಸಿಗ್ತಿರಲಿಲ್ಲವಂತೆ. ಕಪ್ಪು ಬಣ್ಣ ಹಾಕಿಕೊಂಡ ಮೇಲೆ ಸಿಗತೊಡಗಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ಒಬ್ಬಳು ಹಿಸ್ಪ್ಯಾನಿಕ್ ಅಂತ ಗೊತ್ತಾಗದಿರಲಿ ಅಂತ ಬಣ್ಣ ಹಚ್ಚಿದಳು. ಇನ್ನೊಬ್ಬಳು ಗೊತ್ತಾಗಲಿ ಅಂತ ಹಚ್ಚಿದಳು. ಎರಡೂ ಕಡೆ ಚಿತ್ರ ಮೊದಲೇ ತಯಾರಾಗಿತ್ತು. ಹೆಂಗಸು ಬಂದು ಅದರೊಳಗೆ ಕೂರಬೇಕಿತ್ತು.

ಮೇಕಪ್ ಡಬ್ಬಿ

ರೀಟಾ ಮೊರೆನೊ 1931ರಲ್ಲಿ ಪೋರ್ಟೊ ರಿಕೊದಲ್ಲಿ ಹುಟ್ಟಿದವರು. 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಅನೀಟಾ ಪಾತ್ರಕ್ಕೆ ಆಸ್ಕರ್ ಪಡೆದರು. ನಟನೆಗೆ ಆಸ್ಕರ್ ಗೆದ್ದ ಮೊದಲ ಹಿಸ್ಪ್ಯಾನಿಕ್ ಮಹಿಳೆ ಅವರೇ. ಆ ಸಿನಿಮಾದಲ್ಲಿ ಪೋರ್ಟೊ ರಿಕೊದ ನಾಯಕಿ ಮರಿಯಾ ಆಗಿದ್ದು ನತಾಲಿ ವುಡ್, ರಷ್ಯನ್ ವಲಸಿಗರ ಮಗಳು. ಪೋರ್ಟೊ ರಿಕೊದವರ ಪಾತ್ರ ಮಾಡಿದ ನಟರಿಗೆ ಒಂದೇ ಕಂದು ಬಣ್ಣದ ಮೇಕಪ್ ಬಳಿದಿದ್ದರು. ನಿಜವಾಗಿ ಪೋರ್ಟೊ ರಿಕೊದವರೇ ಆದ ಮೊರೆನೊಗೂ ಬಿಡಲಿಲ್ಲ! ನಮ್ಮ ಜನರಲ್ಲಿ ಎಲ್ಲ ಮೈಬಣ್ಣದವರೂ ಇದ್ದಾರೆ ಅಂತ ಅವರು ಹೇಳಿದ್ರೆ, ಮೇಕಪ್ ಮಾಡುವವನು ತಿರುಗಿ ಅವರನ್ನೇ ನೀನು ಜನಾಂಗ ದ್ವೇಷಿಯಾ ಅಂತ ಕೇಳಿದನಂತೆ.

ಆಸ್ಕರ್ ಬಂದ ಮೇಲೆ ಒಳ್ಳೆ ಪಾತ್ರಗಳು ಸಾಲುಗಟ್ಟಬೇಕಿತ್ತು ತಾನೇ? ಬಂದದ್ದೆಲ್ಲ ಅದೇ ಥರದ, ಇನ್ನೂ ಸಣ್ಣ ಪಾತ್ರಗಳು. ಅವರು ಒಲ್ಲೆ ಅಂದರು. ಸುಮಾರು ಏಳು ವರ್ಷ ಹಾಲಿವುಡ್ ಸಿನಿಮಾದಿಂದ ದೂರ ಉಳಿದರು. ಒಲ್ಲೆ ಅನ್ನೋದಕ್ಕೂ ಬೆಲೆ ಕಟ್ಟಬೇಕಾಗುತ್ತೆ.

ಸುಮಾರು 150 ಸಲ ಮನೆಕೆಲಸದಾಕೆ

ನಮಗೆ ತುಂಬಾ ತಟ್ಟಿದ್ದು ಲೂಪೆ ಒಂತಿವೆರೋಸ್ ಅವರ ಕಥೆ. ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಮೆಕ್ಸಿಕನ್ ತಂದೆತಾಯಿಗೆ ಹುಟ್ಟಿದವರು, ಪದವೀಧರೆ, ನಟನೆಗೆ ಬರುವ ಮೊದಲು ಸಮಾಜ ಸೇವಾ ಕೆಲಸದಲ್ಲಿದ್ದವರು. ತೆರೆಯ ಮೇಲೂ ರಂಗದ ಮೇಲೂ ಸೇರಿ ಮನೆಕೆಲಸದಾಕೆಯ ಪಾತ್ರವನ್ನ ಸುಮಾರು 150 ಸಲ ಮಾಡಿದ್ದೀನಿ ಅಂತ ಅವರೇ ಲೆಕ್ಕ ಹೇಳಿದ್ದರು. 'ದಿ ಗೂನೀಸ್' (1985) ನೋಡಿದ್ರೆ ಅವರು ಅಲ್ಲಿದ್ದಾರೆ. 'ಆ್ಯಸ್ ಗುಡ್ ಆ್ಯಸ್ ಇಟ್ ಗೆಟ್ಸ್' (1997) ನೋಡಿದ್ರೆ ಅಲ್ಲೂ ಇದ್ದಾರೆ. ಆಡಿಷನ್‌ನಲ್ಲಿ ಅವರು ತಮ್ಮ ಸಹಜ ಇಂಗ್ಲಿಷ್ ಮಾತಾಡಿದ್ರೆ ಪಾತ್ರ ಕೈತಪ್ಪುತ್ತಿತ್ತು, ಹರಕುಮುರುಕು ಮಾತಾಡಿದ್ರೆ ಸಿಗುತ್ತಿತ್ತು.

ಇಲ್ಲಿ ನಮ್ಮ ಸಭೆಯಲ್ಲಿ ಜೋರು ಚರ್ಚೆ ಆಯ್ತು. ಮನೆಕೆಲಸದಾಕೆಯ ಪಾತ್ರ ಮಾಡಿದ್ರೆ ಅವಮಾನ ಏನು? ನಿಜವಾಗಿ ಆ ಕೆಲಸ ಮಾಡುವ ಹೆಂಗಸರಿಲ್ವಾ? ನಮ್ಮಲ್ಲೊಬ್ಬಳ ಅಮ್ಮನೇ ಮೂರು ಮನೆಯಲ್ಲಿ ಅಡುಗೆ ಕೆಲಸ ಮಾಡ್ತಾರೆ. "ಆ ಪಾತ್ರ ತೋರಿಸಲೇಬೇಡಿ ಅಂದ್ರೆ ನಮ್ಮಮ್ಮನ್ನ ತೋರಿಸಬೇಡಿ ಅಂದಂಗೆ ಅಲ್ವೇನ್ರೇ?" ಅಂತ ಅವಳು ಕೇಳಿದಳು. ಸರಿಯಾದ ಪ್ರಶ್ನೆ. ಒಂತಿವೆರೋಸ್ ಅವರಿಗೂ ಆ ಹೆಂಗಸರ ಬಗ್ಗೆ ಗೌರವವೇ ಇತ್ತು. ಅಂಥ ಕೆಲಸ ಮಾಡುವ ಹೆಂಗಸರ ಬಗ್ಗೆ ಬಂದ 'ಮೇಡ್ ಇನ್ ಅಮೆರಿಕಾ' ಸಾಕ್ಷ್ಯಚಿತ್ರಕ್ಕೆ ದನಿ ಕೊಟ್ಟವರು ಅವರು.

ಇದಕ್ಕೆ ಉತ್ತರ ನಮಗೆ 'ರೋಮಾ' (2018) ನೋಡಿದ ಮೇಲೆ ಸಿಕ್ಕಿತು. ಆಲ್ಫೋನ್ಸೊ ಕುವಾರೊನ್ ತಮ್ಮನ್ನ ಸಾಕಿದ ಮನೆಕೆಲಸದಾಕೆಯ ನೆನಪಲ್ಲಿ ಮಾಡಿದ ಸಿನಿಮಾ. ನಾಯಕಿ ಕ್ಲಿಯೊ ಮೆಕ್ಸಿಕೋ ನಗರದ ಮನೆಯೊಂದರ ಕೆಲಸದಾಕೆ. ಅವಳು ನೆಲ ತೊಳೀತಾಳೆ, ಮಕ್ಕಳನ್ನ ಮಲಗಿಸ್ತಾಳೆ. ಆದ್ರೆ ಕ್ಯಾಮೆರಾ ಅವಳ ಜೊತೆ ಅವಳ ಪುಟ್ಟ ಕೋಣೆಗೂ ಹೋಗುತ್ತೆ. ಗೆಳತಿಯ ಜೊತೆ ಅವಳು ತನ್ನ ಮಿಶ್ಟೆಕ್ ಭಾಷೆಯಲ್ಲಿ ಮಾತಾಡಿ ನಗ್ತಾಳೆ. ಅವಳಿಗೆ ಪ್ರೀತಿ, ಮೋಸ, ಭಯ, ದುಃಖ ಎಲ್ಲ ಇದೆ. ಆ ಪಾತ್ರ ಮಾಡಿದ ಯಾಲಿಟ್ಸಾ ಅಪರಿಸಿಯೊ ಒವಾಹಾಕಾ ರಾಜ್ಯದ ಮೂಲನಿವಾಸಿ ಕುಟುಂಬದವರು, ಶಿಶುವಿಹಾರದ ಟೀಚರ್ ಆಗೋಕೆ ಓದಿದವರು, ಮೊದಲು ಎಂದೂ ನಟಿಸಿದವರಲ್ಲ. 2019ರಲ್ಲಿ ಅತ್ಯುತ್ತಮ ನಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

ಅದೇ ಕೆಲಸ, ಅದೇ ನೆಲ ಒರೆಸುವ ಸೀನ್. ವ್ಯತ್ಯಾಸ ಏನಂದ್ರೆ, ಹಳೇ ಸಿನಿಮಾಗಳಲ್ಲಿ ಕೆಲಸದಾಕೆ ರೂಮಿಂದ ಹೊರಗೆ ಹೋದ್ರೆ ಅವಳು ಮುಗಿದಳು. ಇಲ್ಲಿ ನಾವು ಅವಳ ಹಿಂದೆಯೇ ಹೋಗ್ತೀವಿ. ಇಡೀ ಓದಿನಲ್ಲಿ ನಾವು ಕಲಿತ ಮುಖ್ಯ ವಿಷಯ ಇದೇ. ಪಾತ್ರದ ಕೆಲಸ ಯಾವುದು, ಗುಣ ಯಾವುದು ಅನ್ನೋದಕ್ಕಿಂತ, ಸೀನ್ ಆಚೆ ಅವಳಿಗೊಂದು ಬದುಕಿದೆಯಾ ಅನ್ನೋದು ದೊಡ್ಡ ಪ್ರಶ್ನೆ.

ತಾವೇ ಹೇಳಿದ ಕಥೆಗಳು

ಇದು ಹೊಸದೇನಲ್ಲ. 1954ರಲ್ಲೇ 'ಸಾಲ್ಟ್ ಆಫ್ ದಿ ಅರ್ಥ್' ಬಂದಿತ್ತು. ನ್ಯೂ ಮೆಕ್ಸಿಕೋದ ಸತುವಿನ ಗಣಿಯಲ್ಲಿ ನಡೆದ ನಿಜವಾದ ಮುಷ್ಕರದ ಕಥೆ. ಗಣಿ ಕಾರ್ಮಿಕರು ಗೇಟಿನ ಮುಂದೆ ನಿಲ್ಲಬಾರದು ಅಂತ ಕೋರ್ಟ್ ಆದೇಶ ಬಂದಾಗ, ಹೆಂಗಸರು ಆ ಜಾಗದಲ್ಲಿ ನಿಂತರು. ಗಂಡಸರು ಮನೆಯಲ್ಲಿ ಬಟ್ಟೆ ಒಗೆದರು! ಕಥೆ ಹೇಳುವವಳು ಎಸ್ಪೆರಾನ್ಸಾ, ಗಣಿ ಕಾರ್ಮಿಕನ ಹೆಂಡತಿ. ಆ ಪಾತ್ರ ಮಾಡಿದ ಮೆಕ್ಸಿಕೋದ ರೊಸಾವುರಾ ರೆವುಎಲ್ತಾಸ್ ಅವರನ್ನ ಶೂಟಿಂಗ್ ನಡುವೆಯೇ ವಲಸೆ ಅಧಿಕಾರಿಗಳು ಬಂಧಿಸಿದರು. ಅವರು ಮೆಕ್ಸಿಕೋಗೆ ಮರಳಬೇಕಾಯ್ತು. ಕಮ್ಯುನಿಸ್ಟ್ ಅನ್ನುವ ಹಣೆಪಟ್ಟಿ ಬಿದ್ದ ಆ ಸಿನಿಮಾವನ್ನ ಅಮೆರಿಕದ ಬೆರಳೆಣಿಕೆಯ ಥಿಯೇಟರ್‌ಗಳು ಮಾತ್ರ ಹಾಕಿದವು.

ಮುಂದಿನ ಉದಾಹರಣೆ ನಮ್ಮ ಮನೆಗಳಿಗೂ ಬಂದಿತ್ತು. 2003ರಲ್ಲಿ ಸೋನಿ ಟಿವಿಯಲ್ಲಿ ಶುರುವಾದ 'ಜಸ್ಸಿ ಜೈಸಿ ಕೋಯಿ ನಹೀ' ನಿಮ್ಮ ಅಮ್ಮ, ಚಿಕ್ಕಮ್ಮ ಯಾರಿಗಾದ್ರೂ ನೆನಪಿರಬಹುದು, ಕೇಳಿ ನೋಡಿ. ಅದರ ಮೂಲ ಕೊಲಂಬಿಯಾದ 'ಯೊ ಸೊಯ್ ಬೆಟ್ಟಿ, ಲಾ ಫೆಯಾ' (1999-2001), ಬರೆದವರು ಫೆರ್ನಾಂಡೊ ಗೈತಾನ್. ಅಲ್ಲಿನ ಬೆಟ್ಟಿ ಅರ್ಥಶಾಸ್ತ್ರ ಓದಿದ ಜಾಣೆ. ಚೆಂದ ಇಲ್ಲ ಅಂತ ಸೆಕ್ರೆಟರಿ ಕೆಲಸಕ್ಕೆ ಸೇರ್ತಾಳೆ. ಕೊಲಂಬಿಯಾದಲ್ಲಿ ಎಲ್ಲರೂ ಸ್ಪ್ಯಾನಿಷ್ ಮಾತಾಡೋದ್ರಿಂದ ಅಲ್ಲಿ ಆಕ್ಸೆಂಟ್ ಜೋಕೇ ಇಲ್ಲ. ಅವಳ ತೊಂದರೆ ಬೇರೆಯೇ: ಕೆಲಸ, ರೂಪ, ಪ್ರೀತಿ. ಅಮೆರಿಕದಲ್ಲಿ ಅದೇ ಕಥೆ 'ಅಗ್ಲಿ ಬೆಟ್ಟಿ' (2006-2010) ಆಯ್ತು. ಹೊಂಡುರಾಸ್ ಮೂಲದ ಅಮೆರಿಕಾ ಫೆರೆರಾ ಅದಕ್ಕೆ 2007ರಲ್ಲಿ ಎಮ್ಮಿ ಪಡೆದರು. ಇದೇ ಫೆರೆರಾ 2002ರಲ್ಲಿ 'ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್'ನಲ್ಲಿ ಕಾಲೇಜಿಗೆ ಹೋಗಬೇಕೋ, ಅಕ್ಕನ ಹೊಲಿಗೆ ಕಾರ್ಖಾನೆಯಲ್ಲಿ ದುಡೀಬೇಕೋ ಅನ್ನುವ ಹುಡುಗಿ ಆಗಿದ್ದರು. ನಿರ್ದೇಶಕಿ ಕೊಲಂಬಿಯಾ ಮೂಲದ ಪ್ಯಾಟ್ರೀಶಿಯಾ ಕಾರ್ಡೊಸೊ. ಅಮ್ಮನ ಪಾತ್ರ ಯಾರದ್ದು ಗೊತ್ತಾ? ಲೂಪೆ ಒಂತಿವೆರೋಸ್. ಯಾರದ್ದೋ ಅಡುಗೆಮನೆಯಲ್ಲಲ್ಲ, ತನ್ನದೇ ಮನೆಯಲ್ಲಿ ಜಗಳ ಆಡುವ, ಅಳುವ, ಹಟ ಹಿಡಿಯುವ ಅಮ್ಮ.

'ಜೇನ್ ದಿ ವರ್ಜಿನ್' (2014-2019) ಬಗ್ಗೆಯೂ ಒಂದು ಮಾತು. ಇದರ ಮೂಲ ವೆನೆಜುವೆಲಾದ ಧಾರಾವಾಹಿ. ಒಂದೇ ಮನೆಯಲ್ಲಿ ಅಜ್ಜಿ, ಮಗಳು, ಮೊಮ್ಮಗಳು. ಅಜ್ಜಿ ಸ್ಪ್ಯಾನಿಷ್‌ನಲ್ಲಿ ಮಾತಾಡ್ತಾಳೆ, ಮೊಮ್ಮಗಳು ಇಂಗ್ಲಿಷ್‌ನಲ್ಲಿ ಉತ್ತರ ಕೊಡ್ತಾಳೆ. ಇಬ್ಬರಿಗೂ ಎಲ್ಲಾ ಅರ್ಥ ಆಗುತ್ತೆ, ಅದನ್ನ ಯಾರೂ ಜೋಕ್ ಮಾಡಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ಜೊತೆ ನಾವು ಮಾತಾಡೋದು ಹೀಗೇ.

ನೋಡುವಾಗ ಕೇಳಬೇಕಾದ ಐದು ಪ್ರಶ್ನೆ

ಮುಂದಿನ ಸಲ ಸೀರೀಸ್ ನೋಡುವಾಗ ಇವನ್ನ ಪ್ರಯತ್ನಿಸಿ.

1. ಅವಳಿಗೆ ಹೆಸರು, ಊರು, ಮನೆ ಇದೆಯಾ? 'ಎಲ್ಲೋ ದಕ್ಷಿಣದ ಕಡೆಯವಳು' ಅಂತ ಬಿಟ್ಟಿದ್ದಾರಾ?
2. ಅವಳು ಒಬ್ಬಳೇ ಇರುವ, ಅಥವಾ ತನ್ನವರ ಜೊತೆ ಇರುವ ಒಂದು ಸೀನ್ ಆದ್ರೂ ಇದೆಯಾ?
3. ಜೋಕ್ ಅವಳು ಹೇಳ್ತಾಳಾ, ಅವಳ ಮೇಲೆ ಹೇಳ್ತಾರಾ?
4. ಅವಳ ಭಾಷೆ ಬರೀ ಬೈಯೋಕೆ, ಹಾಡೋಕೆ ಮಾತ್ರವಾ? ಆ ಭಾಷೆಯಲ್ಲಿ ಅವಳು ಯೋಚನೆ ಮಾಡೋದು ಕಾಣುತ್ತಾ?
5. ಬರೆದವರು, ನಿರ್ದೇಶಿಸಿದವರು ಯಾರು?

ಯಾವುದೇ ಪಾತ್ರ ಐದಕ್ಕೆ ಐದು ತಗೋಬೇಕು ಅಂತಿಲ್ಲ. ಇದು ಇಂಟರ್ನಲ್ಸ್ ಅಲ್ಲ!

ಮತ್ತೆ ಗ್ಲೋರಿಯಾ

ಗ್ಲೋರಿಯಾಗೆ ಎಷ್ಟು ಮಾರ್ಕ್ಸ್? ನಮ್ಮಲ್ಲಿ ಇನ್ನೂ ಒಮ್ಮತ ಇಲ್ಲ. ವರ್ಗಾರಾ ಅವರು ಈ ಟೀಕೆಗೆ ಉತ್ತರ ಕೊಟ್ಟಿದ್ದಾರೆ. ನನ್ನ ಅಮ್ಮ, ಚಿಕ್ಕಮ್ಮ ಹಾಗೇ ಇದ್ದಾರೆ, ಜೋರಾಗಿ ಮಾತಾಡೋದ್ರಲ್ಲಿ, ಬಣ್ಣ ಬಣ್ಣದ ಬಟ್ಟೆ ಹಾಕೋದ್ರಲ್ಲಿ ತಪ್ಪೇನು ಅನ್ನೋದು ಅವರ ವಾದ. ಅದರಲ್ಲೂ ನಿಜ ಇದೆ. ಆದ್ರೆ ಅದೇ ವರ್ಗಾರಾ ಅವರನ್ನ 2014ರ ಎಮ್ಮಿ ಸಮಾರಂಭದಲ್ಲಿ ತಿರುಗುವ ಪೀಠದ ಮೇಲೆ ಗೊಂಬೆ ಥರ ನಿಲ್ಲಿಸಿ, ಪಕ್ಕದಲ್ಲಿ ಅಕಾಡೆಮಿಯ ಅಧ್ಯಕ್ಷರು ಭಾಷಣ ಮಾಡಿದರು. ತಮಾಷೆಗೆ ಅಂತ ಅವರು ಒಪ್ಪಿಯೇ ನಿಂತಿದ್ದರು. ಆದ್ರೂ ಅದನ್ನ ನೋಡಿ ನಮಗೆ ನಗು ಬರಲಿಲ್ಲ.

ಆರನೇ ಸೀಸನ್‌ನಲ್ಲಿ ಒಂದು ಸೀನ್ ಇದೆ. ಇಂಗ್ಲಿಷ್‌ನಲ್ಲಿ ಪ್ರತಿ ಮಾತನ್ನೂ ತಲೆಯೊಳಗೆ ಅನುವಾದ ಮಾಡಿ ಸುಸ್ತಾದ ಗ್ಲೋರಿಯಾ, ಸ್ಪ್ಯಾನಿಷ್‌ನಲ್ಲಿ ತಾನೆಷ್ಟು ಜಾಣೆ ಅಂತ ನಿನಗೆ ಗೊತ್ತಾ ಅಂತ ಗಂಡನನ್ನ ಕೇಳ್ತಾಳೆ. ಆ ಒಂದು ಕ್ಷಣ ಎಂಟು ಸಿನಿಮಾ ಮಾಡಿದ ಲೂಪೆ ವೆಲೆಸ್‌ಗೆ ಸಿಕ್ಕಿದ್ದನ್ನ ನಾವು ಕಾಣಲಿಲ್ಲ.

ಆ ಸೀನ್ ನೋಡಿ ಮುಗಿಸಿದ ವಾರ ಸಂಘದ ಸಭೆಯಲ್ಲಿ ನಮ್ಮ ಬಾಗಲಕೋಟೆ ಗೆಳತಿಗೆ ಕೇಳಿಕೊಂಡ್ವಿ: ಆಪ್-ಆ್ಯಂಪ್ ಇನ್ನೊಂದ್ಸಲ ಹೇಳ್ತೀಯಾ, ನಿನ್ನ ಕನ್ನಡದಲ್ಲಿ? ಮೊದಲು "ನಾ ಒಲ್ಲೆ" ಅಂದಳು. ಆಮೇಲೆ ಚಾಕ್ ತಗೊಂಡು ಬೋರ್ಡ್ ಹತ್ರ ಹೋದಳು. ನೆಗೆಟಿವ್ ಫೀಡ್‌ಬ್ಯಾಕ್ ಅಂದ್ರೆ ಏನು ಅಂತ ಹೇಳೋಕೆ ಅವರಜ್ಜಿ ಒಲೆಯ ಉರಿ ನೋಡ್ತಾ ಸೌದೆ ಹಿಂದಕ್ಕೆ ಎಳೆಯೋ ಉದಾಹರಣೆ ಕೊಟ್ಟಳು. ಹಾಲು ಉಕ್ಕಿ ಬಂತಂದ್ರ ಸೌದಿ ಹಿಂದಕ್ಕ, ಇಳಿತಂದ್ರ ಮುಂದಕ್ಕ. ಹತ್ತು ನಿಮಿಷದಲ್ಲಿ ನಮಗೆ ಅರ್ಥವಾಯ್ತು. ಸೆಮಿನಾರ್ ದಿನವೂ ಅವಳು ಇದನ್ನೇ ಹೇಳಿದ್ದಳು, ನಾವು ನಗೋದ್ರಲ್ಲಿ ಕೇಳಿಸಿಕೊಂಡಿರಲಿಲ್ಲ.

ನಿಮಗೆ ಈ ವಿಷಯದಲ್ಲಿ ಬೇರೆ ಅಭಿಪ್ರಾಯ ಇದ್ರೆ ಶುಕ್ರವಾರದ ಸಭೆಗೆ ಬನ್ನಿ, ಜಗಳ ಆಡೋಣ. 'ರೋಮಾ'ವನ್ನ ಎಲ್ಲರೂ ಒಟ್ಟಿಗೆ ಕೂತು ನೋಡುವ ಯೋಚನೆಯೂ ಇದೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.